ಜಲ್ಲಿಕಲ್ಲಿನ ಏಟಿನಿಂದ ಸ್ಪೋರ್ಟ್ಸ್ ಕಾರಿನ ಮೂತಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಪೋರ್ಶೆ 718 ಕೇಮನ್ ತೆಗೆದುಕೊಂಡೆ. ಕಡುನೀಲಿ ಬಣ್ಣ. ಗೋಣಿಕೊಪ್ಪಲಿನಿಂದ ತಿತಿಮತಿ, ಹುಣಸೂರು ದಾರಿಯಾಗಿ ಮೈಸೂರಿಗೆ ಆಗಾಗ ಹೋಗಿಬರುತ್ತೇನೆ, ಮಡಿಕೇರಿ ಕಡೆಗೂ ಓಡಾಟವಿದೆ. ಈಗ ಬಂಪರಿನ ಕೆಳಗೆ, ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು ಎದ್ದಿವೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಸಾಕು ಎಂದು ಒಬ್ಬರು, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಆಗಲೇಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಮುಂಭಾಗಕ್ಕೆ ಕಪ್ಪು ರೆಕ್ಸಿನ್ ಕವರ್ ಹಾಕಿಸು ಎಂದು ಅಪ್ಪನ ಸಲಹೆ. ಮಳೆಗಾಲ ಬಂದರೆ ತುಕ್ಕು ಹಿಡಿಯುತ್ತದೆ ಎಂಬ ಭಯ ಬೇರೆ. ಏನು ಮಾಡಲಿ?
– ಓದುಗರು, ಗೋಣಿಕೊಪ್ಪಲು

ಉತ್ತರ: ಫಿಲ್ಮ್ ಹಾಕಿಸಿ. ಕಲ್ಲೇಟು ತಡೆಯಬೇಕೆಂದರೆ ಪಿಪಿಎಫ್ ಎನ್ನುವ ಆ ಪಾರದರ್ಶಕ ಹಾಳೆಯನ್ನು ಬಿಟ್ಟರೆ ಬೇರೆ ಒಳ್ಳೆಯ ದಾರಿಯಿಲ್ಲ. ಆದರೆ ಈಗಿರುವ ಚುಕ್ಕೆಗಳನ್ನು ಮುಚ್ಚುವ ಮೊದಲು ಹಾಕಿಸಬೇಡಿ, ಜೋರು ಮಳೆಯ ತಿಂಗಳುಗಳಲ್ಲಿ ಹಾಕಿಸಬೇಡಿ, ಇಡೀ ಕಾರಿಗೆ ಸುತ್ತಿಸುವ ಖರ್ಚಿಗೂ ಹೋಗಬೇಡಿ.

ಮೊದಲು ಸೆರಾಮಿಕ್ ವಿಷಯ ಮುಗಿಸೋಣ, ಏಕೆಂದರೆ ಇದರಲ್ಲಿ ತುಂಬ ಜನ ಹಣ ಕಳೆದುಕೊಳ್ಳುತ್ತಿದ್ದಾರೆ. ಕಾರ್ಖಾನೆಯಿಂದ ಬಂದ ಬಣ್ಣ, ಅಡಿಯ ಪ್ರೈಮರಿನಿಂದ ಮೇಲಿನ ಬಣ್ಣವಿಲ್ಲದ ಕ್ಲಿಯರ್ ಕೋಟ್‌ವರೆಗೆ ಎಲ್ಲ ಸೇರಿ, ಸುಮಾರು 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ದ್ರವವಾಗಿ ಸವರುವ ಸೆರಾಮಿಕ್ ಪದರ ಅದರ ಮೇಲೆ ಕೂರುವುದು ಹೆಚ್ಚೆಂದರೆ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ಕೆಸರು ಬೇಗ ಬಿಡುತ್ತದೆ, ಹೊಳಪು ನಿಲ್ಲುತ್ತದೆ, ಇಷ್ಟು ನಿಜ. ಅಷ್ಟು ತೆಳು ಪದರಕ್ಕೆ ಕಲ್ಲಿನ ಹೊಡೆತ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಹೆಂಚಿಗೆ ಬಣ್ಣ ಬಳಿದರೆ ಪಾಚಿ ಕಟ್ಟುವುದು ಕಡಿಮೆಯಾದೀತು, ಮೇಲೆ ತೆಂಗಿನಕಾಯಿ ಬಿದ್ದರೆ ಹೆಂಚು ಉಳಿಯುವುದಿಲ್ಲ. 'ನೈನ್ ಎಚ್' ಗಡಸುತನ ಎಂದು ಅಂಗಡಿಯವರು ಹೇಳುವುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ. ಗೀರಿಗೂ ಹೊಡೆತಕ್ಕೂ ಸಂಬಂಧವಿಲ್ಲ.

ಪಿಪಿಎಫ್ ಬೇರೆಯೇ ಜಾತಿ. ಅದು ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಹಾಳೆ, ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅಂದರೆ ನಿಮ್ಮ ಕಾರಿನ ಇಡೀ ಬಣ್ಣದಷ್ಟೇ ಅಥವಾ ಅದಕ್ಕಿಂತ ದಪ್ಪ. ಕಲ್ಲು ಬಿದ್ದಾಗ ಹಾಳೆ ತಗ್ಗಿ ಏಟನ್ನು ಹರಡಿಬಿಡುತ್ತದೆ, ಬಣ್ಣಕ್ಕೆ ಆ ಗುಣವಿಲ್ಲದ ಕಾರಣ ಅದು ಸಿಡಿದು ಎದ್ದುಹೋಗುತ್ತದೆ. ಈ ಹಾಳೆಯ ಮೂಲ ಕಾರಿನಲ್ಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ತಿರುಗುವ ರೆಕ್ಕೆಗಳನ್ನು ಮರಳು, ಕಲ್ಲಿನಿಂದ ಕಾಪಾಡಲು ತ್ರೀಎಂ ಕಂಪನಿ ಮಾಡಿದ್ದು. ಮೇಲ್ಪದರದ ಸಣ್ಣ ಗೀರುಗಳು ಬಿಸಿಲಿಗೆ ತಾವೇ ಮಾಯವಾಗುತ್ತವೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮ ಕೊಡಗಿನಲ್ಲಿ ಬಿಸಿಲೇ ಇರುವುದಿಲ್ಲ, ಆಗ ಕೈ ತಾಳುವಷ್ಟು ಬಿಸಿನೀರು ಸುರಿದರೂ ಅದೇ ಕೆಲಸವಾಗುತ್ತದೆ. ಹಾಳೆ ಹರಿದುಹೋಗುವಂಥ ಏಟು ಮಾತ್ರ ಹಾಗೇ ಉಳಿಯುತ್ತದೆ. ಆಗ ಆ ತುಂಡನ್ನಷ್ಟೇ ಬದಲಿಸಬಹುದು. ಪಿವಿಸಿ ಹಾಳೆಯನ್ನೇ ಪಿಪಿಎಫ್ ಎಂದು ಅಗ್ಗಕ್ಕೆ ಮಾರುವವರಿದ್ದಾರೆ. ಅದು ಬೇಗ ಹಳದಿಗಟ್ಟಿ, ಗಡುಸಾಗಿ, ತೆಗೆಯುವಾಗ ಚೂರುಚೂರಾಗುತ್ತದೆ. ಟಿಪಿಯು, ಅಂದರೆ ಮೇಲೆ ಹೇಳಿದ ಪಾಲಿಯುರೆಥೇನ್, ಹೌದೇ ಎಂದು ಕೇಳಿ, ರೋಲಿನ ಮೇಲಿನ ಲೇಬಲ್ ನೋಡಿ, ವಾರಂಟಿಯನ್ನು ಕಾಗದದಲ್ಲಿ ಪಡೆಯಿರಿ.

ಅಪ್ಪನವರ ಸಲಹೆಯ ಹಿಂದಿರುವ ಕಾಳಜಿ ಸರಿಯಾದದ್ದೇ, ರೆಕ್ಸಿನ್ ಕವರ್ ಕಲ್ಲನ್ನು ತಡೆಯುತ್ತದೆ ಕೂಡ. ತೊಂದರೆ ಇರುವುದು ಒಳಗೆ. ಅದರಡಿ ಧೂಳು ಸೇರಿ ಓಡುವ ಗಾಳಿಗೆ ಅದುರುತ್ತಾ ಬಣ್ಣವನ್ನು ಉಜ್ಜುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಂಥ ಕಡೆ ಓಡಾಡುವ ಕಾರಿನಲ್ಲಿ ಅದರೊಳಗಿನ ತೇವ ಆರುವುದೇ ಇಲ್ಲ. ಬೇಡ.

ಇನ್ನು ಎಲ್ಲೆಲ್ಲಿ ಹಾಕಿಸಬೇಕು ಎಂಬುದು. ಕಾರು ಇಷ್ಟು ತಗ್ಗಾಗಿದ್ದಾಗ ಮುಂದಿನ ವಾಹನದ ಚಕ್ರ ಎಬ್ಬಿಸಿದ ಕಲ್ಲು ಎಸ್‌ಯುವಿಯ ಬಂಪರಿಗೆ ಬೀಳುವ ಎತ್ತರದಲ್ಲಿ ನಿಮ್ಮ ಬಾನೆಟ್ ಇರುತ್ತದೆ. ಇಡೀ ಬಂಪರ್, ಇಡೀ ಬಾನೆಟ್, ಎರಡೂ ಮುಂದಿನ ಫೆಂಡರ್ (ಚಕ್ರದ ಮೇಲಿನ ಭಾಗ), ಕನ್ನಡಿಗಳ ಬೆನ್ನು, ಹೆಡ್‌ಲೈಟ್: ಇಷ್ಟು ಬೇಕೇ ಬೇಕು. ಬಾನೆಟ್ಟಿಗೆ ಅರ್ಧ ಹಾಕಿಸಿ ಹಣ ಉಳಿಸುವ ಆಸೆ ಬೇಡ, ಆ ಅಂಚಿನ ಗೆರೆಯಲ್ಲಿ ಕೆಮ್ಮಣ್ಣು ಕೂತು ಕಡುನೀಲಿ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಹೆಚ್ಚಿನವರು ಮರೆಯುವ ಜಾಗ ಇನ್ನೊಂದಿದೆ. ಕೇಮನ್‌ನ ಹಿಂಭಾಗ ಮುಂಭಾಗಕ್ಕಿಂತ ಅಗಲ. ನಿಮ್ಮದೇ ಮುಂದಿನ ಚಕ್ರ ಎಸೆಯುವ ಬೇಬಿ ಜಲ್ಲಿ ನೇರವಾಗಿ ಬಾಗಿಲ ಕೆಳಗಿನ ಪಟ್ಟಿಗೂ ಹಿಂದಿನ ಚಕ್ರದ ಮುಂದಿನ ಉಬ್ಬಿಗೂ ಬಡಿಯುತ್ತದೆ. ಅಲ್ಲಿ ಮಂಡಿಯೂರಿ ಕೂತು ಟಾರ್ಚ್ ಬಿಟ್ಟು ನೋಡಿ, ಮುಂಭಾಗದಷ್ಟೇ ಚುಕ್ಕೆಗಳು ಸಿಗಬಹುದು. ಆ ಭಾಗವನ್ನೂ ಸೇರಿಸಿ. ಚಾವಣಿ, ಬಾಗಿಲಿನ ಮೇಲ್ಭಾಗ, ಡಿಕ್ಕಿಗೆ ಕಲ್ಲು ಬೀಳುವುದು ಅಪರೂಪ. ಆ ಹಣದಲ್ಲಿ ಮುಂಭಾಗಕ್ಕೆ ಒಳ್ಳೆಯ ಹಾಳೆ, ಒಳ್ಳೆಯ ಕೆಲಸಗಾರ ಎರಡೂ ಸಿಗುತ್ತಾರೆ.

ತುಕ್ಕಿನ ಭಯಕ್ಕೆ ಬರುತ್ತೇನೆ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯುವ ಮಾತೇ ಇಲ್ಲ. ನಿಮ್ಮ ಕಾರಿನ ಬಾನೆಟ್ ಅಲ್ಯೂಮಿನಿಯಂ. ಅದಕ್ಕೆ ಕಬ್ಬಿಣದ ಕೆಂಪು ತುಕ್ಕು ಬರುವುದಿಲ್ಲ, ಆದರೆ ನೀರು ತಗುಲುತ್ತಾ ಇದ್ದರೆ ಬಿಳಿ ಪುಡಿ ಕಟ್ಟಿ ಸುತ್ತಲಿನ ಬಣ್ಣವನ್ನು ಅಡಿಯಿಂದ ಎಬ್ಬಿಸುತ್ತದೆ. ಹಾಗಾಗಿ ಚುಕ್ಕೆಯ ತಳದಲ್ಲಿ ಹೊಳೆಯುವ ಲೋಹ ಕಾಣುತ್ತಿದೆಯೇ, ಬೂದು ಪ್ರೈಮರ್ ಇನ್ನೂ ಉಳಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಲೋಹ ಕಂಡ ಚುಕ್ಕೆಗಳನ್ನು ಮಳೆ ಹಿಡಿಯುವ ಮೊದಲು ಮುಚ್ಚಲೇಬೇಕು. ಕಾರಿನ ಸ್ಟಿಕ್ಕರಿನಲ್ಲಿರುವ ಬಣ್ಣದ ಕೋಡ್ ಕೊಟ್ಟರೆ ಅದೇ ಬಣ್ಣದ ಟಚಪ್ ಸಿಗುತ್ತದೆ. ಚುಕ್ಕೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಳಿ ಪುಡಿ ಇದ್ದರೆ ಕೆರೆದು, ಲೋಹದ ಮೇಲೆ ಪ್ರೈಮರ್ ಇಟ್ಟು, ಆಮೇಲೆ ಸೂಜಿಮೊನೆಯಂಥ ಕುಂಚದಲ್ಲಿ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ತುಂಬಿ. ಒಂದೇ ಸಲಕ್ಕೆ ದಪ್ಪ ಹಚ್ಚಿದರೆ ಗುಳ್ಳೆಯಂತೆ ಉಬ್ಬಿ, ಫಿಲ್ಮ್ ಅದರ ಮೇಲೆ ಕೂರುವುದಿಲ್ಲ. ಕೊನೆಗೆ ಕ್ಲಿಯರ್ ಹಚ್ಚಿ ಕೆಲವು ದಿನ ಚೆನ್ನಾಗಿ ಒಣಗಲು ಬಿಡಿ.

ಚುಕ್ಕೆ ಹೆಚ್ಚಿದೆ ಎಂದು ಪೂರ್ತಿ ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಬೇಡಿ. ಇಂಥ ಕಾರನ್ನು ಮುಂದೆ ಕೊಳ್ಳುವವರು ಕಾರ್ಖಾನೆಯ ಬಣ್ಣ ಉಳಿದಿದೆಯೇ ಎಂದು ಮೊದಲು ನೋಡುತ್ತಾರೆ. ಜೊತೆಗೆ ಹೊರಗೆ ಹೊಡೆಸಿದ ಬಣ್ಣದ ಹಿಡಿತ ಕಡಿಮೆ, ಮುಂದೊಮ್ಮೆ ಫಿಲ್ಮ್ ಕೀಳುವಾಗ ಅದರ ಜೊತೆ ಬಣ್ಣವೂ ಎದ್ದು ಬರಬಹುದು. ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರು ಆದ್ದರಿಂದ, ಯಾವುದಾದರೂ ಭಾಗಕ್ಕೆ ಮೊದಲೇ ಬಣ್ಣ ಹೊಡೆಸಿದ್ದಾರೆಯೇ ಎಂದು ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವಂತೆ ಕೇಳಿ. ಒಂದು ಭಾಗ 120 ಮೈಕ್ರಾನ್ ತೋರಿಸಿ ಪಕ್ಕದ್ದು 250 ತೋರಿಸಿದರೆ ಅಲ್ಲಿ ಕೈಯಾಡಿಸಿದ್ದಾರೆ ಎಂದೇ ಅರ್ಥ.

ಕಾಲದ ವಿಷಯ. ಕಾಫಿ ಕುಯ್ಲು ಮುಗಿದು ಗಿಡ ಅರಳಿಸುವ ಹೂಮಳೆ ಬರುವ ನಡುವಿನ ಒಣ ವಾರಗಳು ನಮ್ಮವರಿಗೆ ಅನುಕೂಲ. ಫಿಲ್ಮ್ ಅಂಟಿಸುವುದು ಸೋಪುನೀರು ಹಾಕಿ ಜಾರಿಸಿ, ಆ ನೀರನ್ನು ಒತ್ತಿ ತೆಗೆದು. ಅಡಿಯಲ್ಲಿ ಉಳಿದ ತೇವ ಹಾಳೆಯ ಮೂಲಕವೇ ನಿಧಾನ ಆರಬೇಕು. ಬಿಸಿಲಿದ್ದರೆ ಕೆಲವು ದಿನ, ಜುಲೈನ ಮಂಜಿನಲ್ಲಾದರೆ ವಾರಗಟ್ಟಲೆ. ಆ ಮಸುಕು, ಸಣ್ಣ ನೀರುಗುಳ್ಳೆ ನೋಡಿ ಗಾಬರಿಯಾಗಿ ಉಗುರು ಹಾಕಬೇಡಿ. ಮೈಸೂರಿನಲ್ಲಿ ಮಾಡಿಸಿ ಅದೇ ಸಂಜೆ ಮಳೆಯಲ್ಲಿ ಓಡಿಸಿಕೊಂಡು ಬರುವ ಬದಲು ಕಾರನ್ನು ಒಂದೆರಡು ದಿನ ಅಲ್ಲೇ ನಿಲ್ಲಿಸಿ, ವಾರದವರೆಗೆ ತೊಳೆಯಬೇಡಿ.

ಹಾಳೆಯ ಬ್ರ್ಯಾಂಡಿಗಿಂತ ಅಂಟಿಸುವವನ ಕೈ ನನಗೆ ಮುಖ್ಯ. ಕಂಪ್ಯೂಟರಿನಲ್ಲಿ ಕಾರಿನ ಅಚ್ಚಿಗೆ ಕತ್ತರಿಸುತ್ತಾರೋ, ಕಾರಿನ ಮೇಲೆಯೇ ಬ್ಲೇಡ್ ಆಡಿಸುತ್ತಾರೋ ಕೇಳಿ. ಕಾರಿನ ಮೇಲೆ ಕತ್ತರಿಸುವವರಲ್ಲಿ ಬಹಳ ಪಳಗಿದವರೂ ಇದ್ದಾರೆ, ಆದರೆ ಬ್ಲೇಡ್ ಕ್ಲಿಯರ್ ಕೋಟ್ ಸೀಳಿದರೆ ಆ ಗೆರೆ ಜೀವನಪೂರ್ತಿ ಇರುತ್ತದೆ, ನೀರು ಇಳಿಯಲು ದಾರಿಯೂ ಆಗುತ್ತದೆ. ಅವರು ಹಿಂದೆ ಮಾಡಿದ, ಕಡೇಪಕ್ಷ ವರ್ಷ ಓಡಿದ ಕಾರು ತೋರಿಸಲು ಹೇಳಿ, ಬಂಪರಿನ ಮೂಲೆ ಮತ್ತು ಬಾನೆಟ್ಟಿನ ಅಂಚು ಸವರಿ ನೋಡಿ. ಅಂಚನ್ನು ಒಳಕ್ಕೆ ಮಡಚಿದ್ದರೆ ಬೆರಳಿಗೆ ಸಿಗುವುದಿಲ್ಲ. ಪಾರ್ಕಿಂಗ್ ಸೆನ್ಸರುಗಳ ಮೇಲೆ ಹಾಳೆ ಎಳೆಯದೆ ರಂಧ್ರ ಬಿಡಬೇಕು.

ಫಿಲ್ಮ್ ಕಾಪಾಡದ ಒಂದು ಜಾಗ ನಿಮ್ಮ ಕಾರಿನಲ್ಲಿದೆ. ಬಂಪರಿನ ಎಡಬಲದ ಗಾಳಿಬಾಯಿಗಳ ಹಿಂದೆಯೇ ಎ.ಸಿ.ಯ ಬಿಸಿ ಹೊರಹಾಕುವ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಕಲ್ಲು ನುಗ್ಗಿದರೆ ತೆಳು ರೆಕ್ಕೆಗಳು ಬಗ್ಗುತ್ತವೆ, ಕೊಳವೆ ತೂತಾದರೆ ಖರ್ಚು ಬಣ್ಣದ ಖರ್ಚಿಗಿಂತ ಹೆಚ್ಚು. ಇನ್ನೊಂದು, ತೋಟದ ದಾರಿಯ ಸಿಲ್ವರ್ ಓಕ್ ಎಲೆಗಳೆಲ್ಲ ಅಲ್ಲಿ ಸೇರಿ, ತೇವ ಹಿಡಿದು ಕೊಳೆತು, ಕಂಡೆನ್ಸರನ್ನು ತಿನ್ನುತ್ತವೆ. ಈ ಮಾದರಿಗೆ ಅಳತೆಗೆ ತಕ್ಕ ಸ್ಟೀಲ್ ಜಾಲರಿ ಸಿಗುತ್ತದೆ, ಹಾಕಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಎಲೆ ತೆಗೆಸಿ.

ಕೊನೆಯದು, ಕಾಸು ಖರ್ಚಿಲ್ಲದ್ದು. ಟೈರಿನಿಂದ ಸಿಡಿದ ಕಲ್ಲು ಹೆಚ್ಚಾಗಿ ಗಾಳಿಯಲ್ಲಿ ವೇಗ ಕಳೆದುಕೊಂಡು ಇಳಿಯುತ್ತಿರುತ್ತದೆ, ನೀವೇ ಹೋಗಿ ಅದಕ್ಕೆ ಬಡಿಯುತ್ತೀರಿ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಬೀಳುವ ಏಟು 90ರಲ್ಲಿ ಎರಡೂಕಾಲು ಪಟ್ಟು. ಮಳೆ ನಿಂತ ಮೇಲೆ ಗುಂಡಿಗೆ ಜಲ್ಲಿ ಸುರಿದು ಡಾಂಬರು ಹಾಕದೆ ಬಿಟ್ಟ ಕಡೆ, ಸಂಪಾಜೆ ಘಾಟಿಯಂಥ ಇಳಿಜಾರಿನಲ್ಲಿ ಗುಡ್ಡದ ಮಣ್ಣುಕಲ್ಲು ರಸ್ತೆಗೆ ಬಂದ ಕಡೆ, ಟಿಪ್ಪರಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಹಿಂದಿಕ್ಕಲು ಜಾಗವಿಲ್ಲದಿದ್ದರೆ ದೂರ ಬಿಟ್ಟು ನಿಧಾನ ಹೋಗಿ. ನಿಮ್ಮ ಕಾರಿನ ವೇಗ ಇರುವುದೇ ಟಿಪ್ಪರ್ ಇಲ್ಲದ ಕಡೆಗೆ.

ಪ್ರಶ್ನೆ: ನನ್ನ ಪೋಲೊ ಜಿಟಿಗೆ ಆರು ತಿಂಗಳ ಹಿಂದೆ ಸೆರಾಮಿಕ್ ಮಾಡಿಸಿದ್ದೇನೆ. ಈಗ ಬಂಪರಿಗೆ ಫಿಲ್ಮ್ ಹಾಕಿಸಬಹುದೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಹಾಕಿಸಬಹುದು, ಆದರೆ ಫಿಲ್ಮ್ ಬರುವ ಭಾಗದಲ್ಲಿ ಸೆರಾಮಿಕ್ಕನ್ನು ಪಾಲಿಶ್ ಮಾಡಿ ತೆಗೆಯಬೇಕು. ಜಾರುವ ಮೇಲ್ಮೈಗೆ ಅಂಟು ಹಿಡಿಯದೆ ಅಂಚುಗಳು ಮೇಲೇಳುತ್ತವೆ. ಅನುಕ್ರಮ ಹೀಗಿರಲಿ: ಕೆಳಗೆ ಫಿಲ್ಮ್, ಮೇಲೆ ಸೆರಾಮಿಕ್. ಫಿಲ್ಮಿನ ಮೇಲೆ ಸೆರಾಮಿಕ್ ಹಾಕಿದರೆ ಹುಳಹುಪ್ಪಟೆ, ಹಕ್ಕಿ ಹಿಕ್ಕೆ ಸುಲಭವಾಗಿ ಬಿಡುತ್ತವೆ.

ಪ್ರಶ್ನೆ: ಫಿಲ್ಮ್ ಇರುವ ಕಾರನ್ನು ವಾಟರ್ ಸರ್ವಿಸ್‌ಗೆ ಬಿಡಬಹುದೇ? ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿದರೆ ಏನಾದರೂ ಆಗುತ್ತದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಿಡಬಹುದು, ನೀವು ಪಕ್ಕದಲ್ಲಿ ನಿಂತಿರಿ. ಪ್ರೆಷರ್ ನೀರಿನ ಮೂತಿ ಫಿಲ್ಮಿನಿಂದ ಎರಡಡಿಯಾದರೂ ದೂರವಿರಲಿ, ಅಂಚಿಗೆ ಓರೆಯಾಗಿ ನೀರು ಹೊಡೆಯಲು ಬಿಡಬೇಡಿ. ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುವ ರೂಢಿ ಇನ್ನೂ ಇದೆ, ಅದು ಫಿಲ್ಮಿಗೂ ಅಂಟಿಗೂ ಬೇಡ. ಅರಿಶಿನ ಕುಂಕುಮದ ಬಣ್ಣ ಫಿಲ್ಮಿನೊಳಕ್ಕೆ ಇಳಿದು ಕಲೆಯಾಗಬಹುದು. ಪೂಜೆ ಬಿಡಬೇಕಿಲ್ಲ: ನಂಬರ್ ಪ್ಲೇಟಿನ ಮೇಲ್ಭಾಗದ ಕಪ್ಪು ಪ್ಲಾಸ್ಟಿಕ್ಕಿಗೋ ಗಾಜಿಗೋ ಹಚ್ಚಿ, ಅದೇ ದಿನ ಒರೆಸಿ. ಹೂಮಾಲೆಯನ್ನು ಬಾನೆಟ್ಟಿನ ಮೇಲೆ ಕಟ್ಟಿಕೊಂಡು ಊರು ಸುತ್ತಬೇಡಿ, ದಾರ ಗಾಳಿಗೆ ಉಜ್ಜಿ ಗೀರು ಬೀಳುತ್ತದೆ.

ಪ್ರಶ್ನೆ: ಕೆಂಪು ಕಾರಿಗೆ ಮ್ಯಾಟ್ ಕಪ್ಪು ಬಣ್ಣದ ಪಿಪಿಎಫ್ ಹಾಕಿಸುವ ಆಸೆ. ಆರ್‌ಟಿಒ ತಕರಾರು ಬರುತ್ತದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಬರುತ್ತದೆ. ಪಾರದರ್ಶಕ ಫಿಲ್ಮ್ ಬಣ್ಣ ಬದಲಿಸುವುದಿಲ್ಲ, ಅದಕ್ಕೆ ಅಡ್ಡಿಯಿಲ್ಲ. ಕೆಂಪು ಕಾರು ಕಪ್ಪಾಗಿ ಕಂಡರೆ ಆರ್‌ಸಿ ಪುಸ್ತಕದ ಬಣ್ಣಕ್ಕೂ ಕಾರಿಗೂ ತಾಳೆಯಾಗದು. ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು, ಆರ್‌ಸಿಯಲ್ಲಿ ಬಣ್ಣ ಬದಲಾಯಿಸಲು ಅನುಮತಿ ಪಡೆದು, ವಿಮಾ ಕಂಪನಿಗೂ ತಿಳಿಸಿ ಆಮೇಲೆ ಹಾಕಿಸಿ. ಕೆಂಪು ಹಾಗೇ ಇರಲಿ, ಹೊಳಪು ಮಾತ್ರ ಬೇಡ ಎಂದಾದರೆ ಬಣ್ಣವಿಲ್ಲದ ಮ್ಯಾಟ್ ಫಿಲ್ಮ್ ಸಿಗುತ್ತದೆ, ಅದರಡಿ ಕೆಂಪು ಕೆಂಪಾಗಿಯೇ ಕಾಣುತ್ತದೆ.