ತೆಂಗಿನ ನಾರೂ ಕಾಸ್ಟಿಕ್ ಸೋಡಾವೂ

ಪ್ರಶ್ನೆ: ವಾಸ್ಕೋದಲ್ಲಿ ದೋಣಿಗಳಿಗೆ ಫೈಬರ್ ಹೊದಿಸುವ ಕೆಲಸ ನನ್ನದು. ಗಾಜಿನ ನಾರಿನ ಬದಲು ತೆಂಗಿನ ನಾರನ್ನು, ಗಟ್ಟಿಯಾಗುವ ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕೂರಿಸಿ ಕುರ್ಚಿಯ ಆಸನಗಳನ್ನು ಮಾಡಿದೆ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿತು. ಮುರಿದ ಕಡೆ ನಾರು ಎಳೆಎಳೆಯಾಗಿ ಕಿತ್ತುಬಂತು. ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಸರಿಹೋಗುವುದೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಬಹುಮಟ್ಟಿಗೆ ಸರಿಹೋಗುತ್ತದೆ. ಮುರಿದ ಅಂಚನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ನಾರು ಕಿತ್ತುಬಂದ ಜಾಗದಲ್ಲಿ ಸೂಜಿಯಿಂದ ಚುಚ್ಚಿದಂಥ ನುಣುಪಾದ ತೂತುಗಳಿದ್ದು, ಹೊರಬಂದ ನಾರಿನ ಮೈಮೇಲೆ ರೆಸಿನ್‌ನ ಚೂರೂ ಅಂಟಿರದಿದ್ದರೆ, ಅವೆರಡೂ ಒಂದನ್ನೊಂದು ಹಿಡಿದೇ ಇರಲಿಲ್ಲವೆಂದು ಅರ್ಥ. ನಾರಿನ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡಿದೆ; ಒಳಗೆ ನಾರನ್ನು ಕಟ್ಟಿರುವ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್‌ಗಳು ನೀರನ್ನು ಬಯಸುವ ಹೈಡ್ರಾಕ್ಸಿಲ್ (ಆಮ್ಲಜನಕ–ಹೈಡ್ರೋಜನ್) ಗುಂಪುಗಳಿಂದ ತುಂಬಿವೆ. ರೆಸಿನ್‌ಗೋ ನೀರೆಂದರೆ ಆಗದು. ಹೀಗಾಗಿ ಗೋವಾದ ಜುಲೈ ತಿಂಗಳ ತೇವವನ್ನು ಕುಡಿದು ನಾರು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ನಡುವೆ ಬಿರುಕು ಉಳಿಯುತ್ತದೆ.

ಕಾಸ್ಟಿಕ್ ಸೋಡಾ ಮೇಣವನ್ನೂ ಹೆಮಿಸೆಲ್ಯುಲೋಸನ್ನೂ ನಾರಿಗೆ ಬಿಗಿ ಕೊಡುವ ಲಿಗ್ನಿನ್ ಎಂಬ ಅಂಶದ ಒಂದು ಭಾಗವನ್ನೂ ಕರಗಿಸಿ, ಮೈಯನ್ನು ಒರಟಾಗಿಸುತ್ತದೆ. ಆ ಒರಟಿನ ಸಂದುಗಳಲ್ಲಿ ರೆಸಿನ್ ಬೇರೂರುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಬಟ್ಟೆಗಾಗಿ 1850ರಲ್ಲಿ ಪೇಟೆಂಟ್ ಪಡೆದ ಸಂಸ್ಕರಣೆಯ ಹೆಸರಿನಿಂದಲೇ ಇದನ್ನು ಮರ್ಸರೀಕರಣ ಎನ್ನುತ್ತಾರೆ.

ಒಂದು ಲೀಟರ್ ದ್ರಾವಣಕ್ಕೆ 50 ಗ್ರಾಂ ಸೋಡಾ, ಅಂದರೆ ಸುಮಾರು 5%, ಆರಂಭಕ್ಕೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯಾದೀತೆಂಬ ಆಸೆ ಬೇಡ. ಅತಿಯಾದ ಸೋಡಾ ಸೆಲ್ಯುಲೋಸನ್ನೇ ತಿಂದು ನಾರನ್ನು ಪೆಡಸಾಗಿಸುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಪಾತ್ರೆಯಂತೂ ಕೂಡದು: ಸೋಡಾ ಅದನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಕರಗಿ ಬಂದ ಲಿಗ್ನಿನ್ ಮೊದಲಾದವುಗಳ ಬಣ್ಣ.

ಅನೇಕರು ಎಡವುವುದು ತೊಳೆಯುವಲ್ಲಿ. ನಾರಿನಲ್ಲಿ ಉಳಿದ ಸೋಡಾ ಮುಂದೆ ತೇವ ಸಿಕ್ಕಾಗ ಪಾಲಿಯೆಸ್ಟರಿನ ಅಣುಗಳನ್ನು ಜೋಡಿಸಿರುವ ಎಸ್ಟರ್ ಕೊಂಡಿಗಳನ್ನೇ ಕಡಿಯುತ್ತದೆ. ಆದ್ದರಿಂದ ಹಲವು ನೀರಿನಲ್ಲಿ ತೊಳೆದು, ಕೊನೆಯ ನೀರಿಗೆ ಒಂದಿಷ್ಟು ವಿನೆಗರ್ ಬೆರೆಸಿ, ಕೆಂಪು ಲಿಟ್ಮಸ್ ಕಾಗದ ನೀಲಿಯಾಗುವುದು ನಿಂತ ಮೇಲೆಯೇ ಒಣಗಿಸಿ. ಮಳೆಗಾಲದಲ್ಲಿ ನೆರಳಿನಲ್ಲಿ ಹರಡಿದ ನಾರು ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. 70–80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಎರಡು ತೂಕಗಳ ನಡುವೆ ವ್ಯತ್ಯಾಸ ಕಾಣದಾಗುವವರೆಗೂ ಇಟ್ಟು, ಕೂಡಲೇ ರೆಸಿನ್‌ಗೆ ಹಾಕಿ.

ಇದಕ್ಕೂ ಮಿಗಿಲಾದ ಹಿಡಿತ ಬೇಕಿದ್ದರೆ ಸಿಲೇನ್ ಎಂಬ ಸಿಲಿಕಾನ್ ರಾಸಾಯನಿಕದ ಲೇಪನವಿದೆ. ಅದರ ಒಂದು ತುದಿ ನಾರಿನ ಹೈಡ್ರಾಕ್ಸಿಲ್‌ಗೂ ಇನ್ನೊಂದು ರೆಸಿನ್‌ಗೂ ಕೊಂಡಿಯಾಗುತ್ತದೆ. ನಿಮ್ಮ ಆಸನಗಳಿಗೆ ಆ ಖರ್ಚು ಅನಗತ್ಯವೆಂದೇ ನನ್ನ ಅನಿಸಿಕೆ. ಕತ್ತರಿಸಿದ ಅಂಚುಗಳಿಗೆ ಬರಿ ರೆಸಿನ್ ಬಳಿದು ಮುಚ್ಚಿದರೆ ಆಗುವ ಲಾಭವೇ ದೊಡ್ಡದು. ಏನೇ ಮಾಡಿದರೂ ತೆಂಗಿನ ನಾರು ಎಳೆದರೆ ಹಿಗ್ಗುವ ನಾರೇ. ಎಳೆತ ತಾಳುವುದರಲ್ಲಿ ಗಾಜಿಗೆ ಸಾಟಿಯಲ್ಲ. ಕುರ್ಚಿ, ತಟ್ಟೆಗಳಿಗೆ ಬಳಸಿ, ದೋಣಿಯ ಹೊರಮೈಗೆ ಬೇಡ.