ಸಂಕ್ರಾಂತಿ ಕಾಳಿನ ಬಣ್ಣ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗಂಡ, ಹೆಂಡತಿ, ಅತ್ತೆ, ಒಂದನೇ ತರಗತಿಗೆ ಹೋಗುವ ಮಗ. ಸಂಕ್ರಾಂತಿ ಕಳೆದ ಮೇಲೆ ತಾಯಿ ನನ್ನ ಹತ್ತಿರ ಬಂದರು, ಮಗನನ್ನು ಹಿಡಿಯೋಕೇ ಆಗ್ತಿಲ್ಲ, ಕೂತಲ್ಲಿ ಕೂರಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಗೊತ್ತಾಯಿತು, ಅವರನ್ನು ಅಷ್ಟೇ ಕಾಡುತ್ತಿದ್ದದ್ದು ಅತ್ತೆ ಜೊತೆ ಮಾತು ನಿಂತುಹೋಗಿದ್ದು.

ದೀಪಾವಳಿಯಲ್ಲಿ ಯಾರೋ ಕೊಟ್ಟ ಬಣ್ಣಬಣ್ಣದ ಮಿಠಾಯಿ ಡಬ್ಬಿಯನ್ನು ಹುಡುಗ ಅರ್ಧ ಖಾಲಿ ಮಾಡಿದ್ದ. ರಾತ್ರಿ ಮೈತುಂಬಾ ಪಿತ್ತದ ಗಂಧೆ ಎದ್ದಿತ್ತು. ಅಜ್ಜಿ ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರು ಕುಡಿಸಿದರು, ಬೆಳಗ್ಗೆ ಹೊತ್ತಿಗೆ ಕಡಿಮೆಯಾಯಿತು. ತಾಯಿ ಮೊಬೈಲಿನಲ್ಲಿ ಕೃತಕ ಬಣ್ಣದ ಬಗ್ಗೆ ಓದಿ ಹೆದರಿ, ಮನೆಯಲ್ಲಿ ಸಿಹಿಯನ್ನೇ ಬಂದ್ ಮಾಡಿದರು. ಮಲೆನಾಡಿನ ಹಲವು ಮನೆಗಳಂತೆ ಅವರ ಮನೆಯಲ್ಲೂ ಸಂಕ್ರಾಂತಿ ಕಾಳು ಮನೆಯಲ್ಲೇ ಆಗುತ್ತದೆ. ಅತ್ತೆ ಚಳಿಯಲ್ಲಿ ಬೆಳಗಿನ ಜಾವ ಎದ್ದು, ಸಣ್ಣ ಕೆಂಡದ ಮೇಲೆ ತಟ್ಟೆ ಇಟ್ಟು, ಎಳ್ಳಿನ ಮೇಲೆ ಚಮಚ ಚಮಚ ಸಕ್ಕರೆ ಪಾಕ ಬಿಟ್ಟು ಬೆರಳಿನಲ್ಲೇ ಆಡಿಸುತ್ತಾರೆ. ಪಾಕ ಒಣಗಿದ ಮೇಲೆ ಇನ್ನೊಂದು ಚಮಚ. ಕಾಳಿಗೆ ಮುಳ್ಳು ಏಳೋವರೆಗೂ ದಿನಗಟ್ಟಲೆ ಇದೇ ಕೆಲಸ. ಕೊನೆಗೆ ಒಂದು ಪಾಲಿಗೆ ಅಂಗಡಿಯ ಗುಲಾಬಿ ಪುಡಿ, ಒಂದು ಪಾಲಿಗೆ ಹಳದಿ, ಒಂದಕ್ಕೆ ಹಸಿರು. ಸೊಸೆ ಆ ಕಾಳಿನ ಡಬ್ಬಿಯನ್ನು ಪೂರ್ತಿ ಗೊಬ್ಬರಗುಂಡಿಗೆ ಸುರಿದರು. ಅತ್ತೆ ಏನೂ ಹೇಳಲಿಲ್ಲ. ಆವತ್ತಿನಿಂದ ಮಾತೇ ಇಲ್ಲ.

ಹುಡುಗ ಏನು ಮಾಡಿದ? ಕದ್ದು ತಿನ್ನೋದು ಕಲಿತ. ಯೂನಿಫಾರ್ಮ್ ಜೇಬಿನಲ್ಲಿ ಕರಗಿದ ಗುಲಾಬಿ ಕಲೆ ಸಿಕ್ಕಿದಾಗ "ಪೆನ್ಸಿಲ್ ಬಣ್ಣ" ಅಂದನಂತೆ. ಬಂದವರ ಎದುರಿಗೇ "ಇವನಿಗೆ ಬಣ್ಣ ತಿಂದರೆ ಹುಚ್ಚು ಹಿಡಿಯುತ್ತೆ" ಅಂತ ಮನೆಯವರು ಹೇಳೋದನ್ನು ಅವನು ಕೇಳಿಸಿಕೊಂಡಿದ್ದ. ನನ್ನ ಹತ್ತಿರ ಕೂತಾಗ ಅವನು ಮೊದಲು ಕೇಳಿದ್ದು, "ನಂಗೆ ಹುಚ್ಚಾ?" ಅಂತ. ನನಗೆ ಇಡೀ ಪ್ರಕರಣದಲ್ಲಿ ತುಂಬಾ ನೋವಾಗಿದ್ದು ಆ ಮಾತಿಗೆ. ಹಾಗಾಗಿ ಮೊದಲ ದಿನವೇ ತಾಯಿಗೆ ಹೇಳಿದೆ, ಆ ವಾಕ್ಯ ಇವತ್ತಿಗೆ ನಿಲ್ಲಲಿ, ಮಿಕ್ಕಿದ್ದು ಆಮೇಲೆ ನೋಡೋಣ.

ಎರಡನೆಯದು, ಗಂಧೆ ಎದ್ದ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸದೆ ಬಣ್ಣವೇ ಕಾರಣ ಅಂತ ತೀರ್ಮಾನಿಸಬಾರದು. ಎಳ್ಳು, ಶೇಂಗಾ, ಗೋಡಂಬಿ, ಹಾಲು ಯಾವುದಕ್ಕೆ ಬೇಕಾದರೂ ಅಲರ್ಜಿ ಆಗಬಹುದು, ಇವೆಲ್ಲ ಹಬ್ಬದ ತಟ್ಟೆಯಲ್ಲಿ ಒಟ್ಟಿಗೇ ಇರುತ್ತವೆ ಅಲ್ವಾ. ತುಟಿ, ನಾಲಿಗೆ ಊದಿಕೊಂಡರೆ, ಉಸಿರಿಗೆ ಕಷ್ಟವಾದರೆ ಮುರುಗಲು ನೀರು ಕುಡಿಸುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಈ ಹುಡುಗ ಎಳ್ಳುಂಡೆ, ಚಿಕ್ಕಿ ವರ್ಷವಿಡೀ ತಿಂದರೂ ಏನೂ ಆಗಿರಲಿಲ್ಲ. ಡಾಕ್ಟರ್ ಎಲ್ಲ ನೋಡಿ ಸದ್ಯಕ್ಕೆ ಕೃತಕ ಬಣ್ಣ ದೂರ ಇಡಿ ಅಂದರು. ಗಂಧೆ ಆದ ಮಗುವಿಗೆ ಮನೆಯಲ್ಲೇ ಬಣ್ಣ ತಿನ್ನಿಸಿ ಪರೀಕ್ಷೆ ಮಾಡೋಕೆ ಹೋಗಬೇಡಿ ಅಂತಲೂ ಎಚ್ಚರಿಸಿದರು.

ತಂಟೆಯ ವಿಷಯ ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮೂರು ವರ್ಷದ ಮತ್ತು ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಕೃತಕ ಬಣ್ಣದ ಜೊತೆ ಸೋಡಿಯಂ ಬೆಂಜೊಯೇಟ್ (ತಿನಿಸು ಕೆಡದಂತೆ ಹಾಕುವ ರಾಸಾಯನಿಕ) ಬೆರೆಸಿದ ಪಾನೀಯ ಕೊಟ್ಟು ನೋಡಿದ್ದರು. ಚಡಪಡಿಕೆ ಸ್ವಲ್ಪ ಹೆಚ್ಚಾಗಿದ್ದು ಕಂಡಿತು, ಆದರೆ ಎಲ್ಲ ಮಕ್ಕಳಿಗೂ ಒಂದೇ ಥರ ಅಲ್ಲ. 2010ರಿಂದ ಯುರೋಪಿನಲ್ಲಿ ಆರು ಕೃತಕ ಬಣ್ಣಗಳಲ್ಲಿ ಯಾವುದಾದರೂ ಇರುವ ತಿನಿಸಿನ ಮೇಲೆ ಮಕ್ಕಳ ಗಮನಕ್ಕೆ ತೊಂದರೆಯಾಗಬಹುದು ಅಂತ ಎಚ್ಚರಿಕೆ ಹಾಕಬೇಕು. ಅವುಗಳಲ್ಲಿ ಟಾರ್ಟ್ರಜೀನ್ (102), ಸನ್‌ಸೆಟ್ ಯೆಲ್ಲೋ (110), ಕಾರ್ಮೊಯ್ಸಿನ್ (122), ಪಾಂಸೊ 4ಆರ್ (124) ನಮ್ಮಲ್ಲೂ ಮಿತಿಯೊಳಗೆ ಬಳಸಬಹುದಾದವು. ಪೊಟ್ಟಣದ ಹಿಂದೆ ಈ ನಂಬರ್ ಇರುತ್ತದೆ. ಅರಿಶಿನದ ಬಣ್ಣ 100, ಬೀಟ್‌ರೂಟಿನದು 162. ಬೇಳೆಕಾಳು ಆರಿಸುವ ಹಾಗೆ ಒಂದು ಸಲ ಕಣ್ಣಾಡಿಸಿದರೆ ಸಾಕು, ರೂಢಿಯಾಗುತ್ತದೆ.

ಜಾತ್ರೆಯಲ್ಲಿ ಬಿಡಿಯಾಗಿ ಮಾರುವುದಕ್ಕೆ ನಂಬರೇ ಇಲ್ಲ, ಅಲ್ಲಿ ಹುಷಾರು ಜಾಸ್ತಿ ಬೇಕು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಸುಮ್ನೆ ಅಲ್ಲ. ಬಟ್ಟೆಗೆ ಹಾಕುವ ರೋಡಮಿನ್-ಬಿ ಅದರಲ್ಲಿ ಸಿಕ್ಕಿತ್ತು. ಸಾಗರದ ಮಾರಿಜಾತ್ರೆಗೆ ಹೋದರೆ ಬಣ್ಣವಿಲ್ಲದ ಬಿಳಿ ಬತ್ತಾಸು ಕೊಡಿಸಿ, ಗುಲಾಬಿ ಬೆಂಡು ಬಿಡಿ.

ತಾಯಿಗೆ ಇನ್ನೊಂದು ಮಾತು ಹೇಳಬೇಕಿತ್ತು. ಸಕ್ಕರೆಯಿಂದ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಅನ್ನೋದು ಪರೀಕ್ಷೆಗಳಲ್ಲಿ ನಿಂತಿಲ್ಲ. ಮಗು ಸಿಹಿ ತಿಂದಿದೆ ಅಂತ ನಂಬಿದ ತಾಯಂದಿರಿಗೆ, ಅದು ತಿಂದೇ ಇಲ್ಲದಿದ್ದರೂ ತಂಟೆ ಜಾಸ್ತಿ ಕಂಡಿತ್ತು. ಹಲ್ಲಿಗೋಸ್ಕರ ಸಿಹಿಗೆ ಮಿತಿ ಇರಲಿ. ಆದರೆ ಬಣ್ಣ ತೆಗೆಯಲು ಹಬ್ಬವನ್ನೇ ತೆಗೆಯಬೇಕಾಗಿಲ್ಲ. ಹಾಗಾಗಿ ನೋಟ್‌ಬುಕ್ ಬರೆಯಲು ಹೇಳಿದೆ. ತಿಂದಿದ್ದನ್ನು ತಾಯಿ ಬರೆಯಲಿ. ನಿದ್ದೆ, ಚಡಪಡಿಕೆಯನ್ನು ತಂದೆ ಬರೆಯಲಿ, ಆ ದಿನ ಏನು ತಿಂದ ಅಂತ ಕೇಳದೆ.

ಮುಂದೆ ಅತ್ತೆಯವರನ್ನು ಕರೆಸಿದೆ. ಬರೋಕೆ ಒಪ್ಪಲಿಲ್ಲ, ಎರಡನೇ ಸಲ ಹುಡುಗನ ತಂದೆ ಕರೆದುಕೊಂಡು ಬಂದರು. "ನಾನೇನು ಮೊಮ್ಮಗನಿಗೆ ವಿಷ ಹಾಕ್ತೀನಾ?" ಅಂತ ಅತ್ತರು. ಸೊಸೆ ಬೇಡ ಅಂದಿದ್ದು ಬಣ್ಣದ ಪುಡಿಯನ್ನು, ನಿಮ್ಮ ಕೈಕೆಲಸವನ್ನಲ್ಲ ಅಂತ ನಾನು ಹೇಳುವ ಬದಲು ಸೊಸೆಯೇ ಹೇಳಲಿ ಅಂತ ಕಾದೆ. ತುಂಬಾ ಹೊತ್ತಾದ ಮೇಲೆ ಅವರು "ಅತ್ತೆ, ಹಾಗೆ ಚೆಲ್ಲಬಾರದಿತ್ತು, ನಿಮ್ಮ ಹತ್ತಿರ ಕೇಳಬೇಕಿತ್ತು" ಅಂದರು. ಆಮೇಲೆ ನನಗೆ ಹೆಚ್ಚು ಕೆಲಸ ಇರಲಿಲ್ಲ, ಯಾಕೆಂದರೆ ಬಣ್ಣವಿಲ್ಲದ ಸಿಹಿಯ ಪಟ್ಟಿ ಅತ್ತೆಯ ಹತ್ತಿರವೇ ಇತ್ತು. ಆಲೆಮನೆಯಿಂದ ತಂದ ಜೋನಿಬೆಲ್ಲ, ಕಬ್ಬಿನ ಹಾಲಿನ ತೊಡದೇವು, ಅತ್ರಾಸ, ಕಾಯಿಮಿಠಾಯಿ. ಅಚ್ಚುಬೆಲ್ಲ ಕೊಂಡರೆ ಕಪ್ಪಗಿರುವುದೇ ತನ್ನಿ ಅಂದೆ, ತೀರಾ ಹಳದಿ ಹೊಳೆಯುವುದಕ್ಕೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕಿರಬಹುದು. ಕಾಳಿನ ಬಣ್ಣಕ್ಕೆ ಅವರೇ ದಾರಿ ಹೇಳಿದರು: ಕೊನೆಯ ಪಾಕಕ್ಕೆ ಕೇಸರಿ ನೆನೆಸಿದ ನೀರು, ಇನ್ನೊಂದು ಪಾಲಿಗೆ ಚೆನ್ನಾಗಿ ಬತ್ತಿಸಿದ ಬೀಟ್‌ರೂಟ್ ರಸ. ಬಣ್ಣ ಮಾಸಲು, ಬಿಸಿಗೆ ಇನ್ನೂ ಮಾಸುತ್ತದೆ. ಮುರುಗಲು ಕೆಂಪಗೆ ಚೆನ್ನಾಗಿದ್ದರೂ ಹುಳಿ ಬಿದ್ದರೆ ಸಕ್ಕರೆ ಹರಳುಗಟ್ಟಲ್ಲ, ಅದು ಚೈನಾ ಗ್ರಾಸ್ ಜೆಲ್ಲಿಗೆ ಸರಿ.

ಹುಡುಗನಿಗೂ ಕೆಲಸ ಕೊಟ್ಟೆವು. ಟೀಚರ್ ಹತ್ತಿರ ಅವನ ಹೆಸರಿನ ಒಂದು ಡಬ್ಬಿ, ಅದರಲ್ಲಿ ಅಜ್ಜಿ ಮಾಡಿದ ಕಾಯಿಮಿಠಾಯಿ. ಕ್ಲಾಸಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬದ ಚಾಕಲೇಟ್ ಬಂದರೆ ಅದನ್ನು ಟೀಚರಿಗೆ ಕೊಟ್ಟು ಡಬ್ಬಿಯಿಂದ ಒಂದು ತೆಗೆದುಕೊಳ್ಳುವುದು. ಗೊತ್ತಿಲ್ಲದೆ ತಿಂದುಬಿಟ್ಟರೆ ಮನೆಯಲ್ಲಿ ಹೇಳಬೇಕು, ಹೇಳಿದರೆ ಯಾರೂ ಬೈಯಬಾರದು. ಈ ಎರಡನೇ ಮಾತನ್ನು ತಂದೆಯಿಂದ ನನ್ನ ಎದುರಿಗೇ ಹೇಳಿಸಿದೆ.

ಯುಗಾದಿ ಹೊತ್ತಿಗೆ ಗಂಧೆ ಮತ್ತೆ ಎದ್ದಿರಲಿಲ್ಲ, ಕದಿಯೋದು ನಿಂತಿತ್ತು, ಅತ್ತೆ ಸೊಸೆ ಒಟ್ಟಿಗೆ ಬಸ್ಸಿನಲ್ಲಿ ಬಂದಿದ್ದರು. ಆದರೆ ತಂದೆಯ ನೋಟ್‌ಬುಕ್ಕಿನಲ್ಲಿ ಚಡಪಡಿಕೆ ಸ್ವಲ್ಪ ಮಾತ್ರ ಇಳಿದಿತ್ತು, ಅದೂ ಬೇಗ ಮಲಗಿದ ದಿನಗಳಲ್ಲಿ. ಓದು ಬರಹಕ್ಕೆ ಕೂರೋದು ಈಗಲೂ ಕಷ್ಟ. ಬಣ್ಣ ಬಿಟ್ಟಿದ್ದೇವಲ್ಲ, ಸರಿಹೋಗುತ್ತೆ ಅಂತ ಕಾಯಬೇಡಿ ಅಂದೆ. ಗಮನದ ತೊಂದರೆ ಇದೆಯಾ ಅಂತ ಸರಿಯಾಗಿ ಪರೀಕ್ಷೆ ಆಗಲಿ ಅಂತ ಮಕ್ಕಳ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದೇನೆ, ಎರಡೂ ನೋಟ್‌ಬುಕ್ ಜೊತೆಗೆ ಒಯ್ಯಲು ಹೇಳಿದ್ದೇನೆ.