ಕಾಡುಗುಡ್ಡಗಳ ಜಲ್ಲಿದಾರಿಯಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡಾಂಬರು ರಸ್ತೆಯಲ್ಲಿ 60 ಕಿ.ಮೀ. ಮುಗಿಸಲು ನನಗೆ ಮೂರು ಗಂಟೆ ಸಾಕು. ಕಾಡಿನ ಜಲ್ಲಿದಾರಿಯಲ್ಲಿ ಅಷ್ಟೇ ದೂರಕ್ಕೆ ಹೊತ್ತು ಮುಳುಗುತ್ತದೆ. ಗುಡ್ಡಗಳೇನೂ ಎತ್ತರವಲ್ಲ, ಆರೇಳು ನೂರು ಮೀಟರ್ ಅಷ್ಟೇ. ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಉತ್ತರ: ನೀವು ಶಿಖರದ ಎತ್ತರ ನೋಡುತ್ತಿದ್ದೀರಿ. ನೋಡಬೇಕಾದ್ದು ದಾರಿಯುದ್ದಕ್ಕೂ ಹತ್ತುವ ಒಟ್ಟು ಏರನ್ನು. ತಗ್ಗು ಗುಡ್ಡಸಾಲಿನಲ್ಲಿ ಒಂದೇ ದೊಡ್ಡ ಏರು ಸಿಗುವುದು ಕಡಿಮೆ. ಹಳ್ಳಕ್ಕೆ ಇಳಿಯಬೇಕು, ಆಚೆ ದಡ ಹತ್ತಬೇಕು, ಮತ್ತೆ ಇಳಿಯಬೇಕು. 80 ಮೀಟರಿನ ಹದಿನೈದು ದಿಬ್ಬ ಹತ್ತಿದರೆ 1,200 ಮೀಟರ್ ಆಯಿತು. ಡಾಂಬರಿನಲ್ಲಾದರೆ ಇಳಿಜಾರಿನ ವೇಗವೇ ಮುಂದಿನ ದಿಬ್ಬವನ್ನು ಅರ್ಧ ಹತ್ತಿಸುತ್ತದೆ. ಜಲ್ಲಿಯಲ್ಲಿ ಆ ವೇಗವೆಲ್ಲ ಬ್ರೇಕಿಗೇ ಹೋಗುತ್ತದೆ.

ಸಾಧಾರಣ ಸವಾರರಿಗೆ ಹೊಂದುವ ಒಂದು ಅಂದಾಜು ಹೀಗಿದೆ. ಕಿ.ಮೀ.ಗಳನ್ನು 16ರಿಂದ ಭಾಗಿಸಿ, ಏರಿನ ಮೀಟರುಗಳನ್ನು 600ರಿಂದ ಭಾಗಿಸಿ. ಬಂದ ಎರಡರಲ್ಲಿ ದೊಡ್ಡದನ್ನು ಪೂರ್ತಿ ಇಟ್ಟುಕೊಂಡು, ಚಿಕ್ಕದರ ಅರ್ಧವನ್ನು ಅದಕ್ಕೆ ಕೂಡಿಸಿ. 60 ಕಿ.ಮೀ.ಗೆ 3.75, 1,200 ಮೀಟರಿಗೆ 2. ಒಟ್ಟು ನಾಲ್ಕೂಮುಕ್ಕಾಲು ಗಂಟೆ. ನಿಲ್ಲುವುದು, ತಿನ್ನುವುದು, ಪಂಕ್ಚರ್ ಇದರಲ್ಲಿ ಸೇರಿಲ್ಲ.

ದಾರಿ ಆಯ್ಕೆಯಲ್ಲೇ ಇದನ್ನು ಸರಿಪಡಿಸಬಹುದು. ಕಣಿವೆಗಳನ್ನು ಅಡ್ಡಡ್ಡ ಕತ್ತರಿಸಿ ಹೋಗುವ ಬದಲು ಒಂದು ಸಲ ಹತ್ತಿ, ಗುಡ್ಡದ ನೆತ್ತಿಯ ಮೇಲೋ ಅರ್ಧ ಎತ್ತರದಲ್ಲೋ ಸಾಗುವ ರಸ್ತೆ ಹಿಡಿಯಿರಿ. ದಿಮ್ಮಿ ಸಾಗಿಸಲು ಕಡಿದ ಅರಣ್ಯ ರಸ್ತೆಗಳು ಲಾರಿಗಳಿಗಾಗಿ ಮಾಡಿದವು. ಅವುಗಳ ಏರು ಸಾಮಾನ್ಯವಾಗಿ ಶೇ 10ರ ಆಸುಪಾಸಿನಲ್ಲೇ ಇರುತ್ತದೆ, ತಿರುವುಗಳೂ ಅಗಲ. ಗ್ರಾವೆಲ್ ಸೈಕಲ್‌ಗೆ (ಜಲ್ಲಿದಾರಿಗೆಂದೇ ಮಾಡಿದ ಸೈಕಲ್) ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪ್ರತಿ ಕಿ.ಮೀ.ಗೆ ಸರಾಸರಿ ಏರು 20 ಮೀಟರ್ ದಾಟುತ್ತಿದ್ದರೆ ದೂರವನ್ನು ಕಡಿತ ಮಾಡಿಕೊಳ್ಳಿ.

ಪ್ರಶ್ನೆ: ಆ್ಯಪ್ ಹಾಕಿಕೊಟ್ಟ ದಾರಿ ಕೊನೆಗೆ ಕೆಸರಿನಲ್ಲಿ, ಪೊದೆಯಲ್ಲಿ ಮುಗಿಯಿತು. ಇದನ್ನು ನಕ್ಷೆಯಲ್ಲೇ ಮೊದಲು ಗುರುತಿಸುವುದು ಹೇಗೆ?

ಉತ್ತರ: ಹೆಚ್ಚಿನ ಸೈಕಲ್ ಆ್ಯಪ್‌ಗಳ ಅಡಿಪಾಯ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ. ಅದರಲ್ಲಿ ಕಾಡಿನ ಹಾಗೂ ಹೊಲದ ರಸ್ತೆಗಳಿಗೆ ‘ಟ್ರ್ಯಾಕ್‌ಟೈಪ್’ ಎಂಬ ದರ್ಜೆ ಇದೆ. ಗ್ರೇಡ್ 1 ಅಂದರೆ ಡಾಂಬರು, ಕಾಂಕ್ರೀಟ್ ಅಥವಾ ಚೆನ್ನಾಗಿ ಗಟ್ಟಿಮಾಡಿದ ರಸ್ತೆ. ಗ್ರೇಡ್ 2ರಲ್ಲಿ ಜಲ್ಲಿಯ ಜೊತೆ ಸ್ವಲ್ಪ ಮಣ್ಣು. 3ರಲ್ಲಿ ಗಟ್ಟಿ, ಮೆದು ಎರಡೂ ಸಮಸಮ. 4ರಲ್ಲಿ ಹೆಚ್ಚಿನದೆಲ್ಲ ಮಣ್ಣು, ಹುಲ್ಲು. 5 ಪೂರ್ತಿ ಮೆದು. ನಿಮ್ಮ ದಾರಿಯ ಬಹುಪಾಲು 2 ಮತ್ತು 3ರಲ್ಲಿರಲಿ. 4ಕ್ಕೆ ಒಣ ಹವೆಯಲ್ಲಿ ಮಾತ್ರ ಇಳಿಯಿರಿ, 5ನ್ನು ಬಿಟ್ಟುಬಿಡಿ. ಈ ಮಾಹಿತಿ ತುಂಬುವವರು ಸ್ವಯಂಸೇವಕರು. ದಿಮ್ಮಿ ಎಳೆಯುವ ಭಾರೀ ಯಂತ್ರಗಳು ಒಂದೇ ವಾರ ಓಡಾಡಿದರೂ ಗ್ರೇಡ್ 2ರ ರಸ್ತೆ 4 ಆಗಿಬಿಡಬಹುದು. ಹಾಗಾಗಿ ಉಪಗ್ರಹ ಚಿತ್ರವನ್ನೂ ನೋಡಿ. ರಸ್ತೆ ಪೂರ್ತಿ ಮಾಸಲು ಬಿಳಿಯಾಗಿ ಕಂಡರೆ ಗಾಡಿ ಓಡಾಡುತ್ತಿದೆ ಎಂದರ್ಥ. ಎರಡು ಗೆರೆ ಕಂಡು ನಡುವೆ ಹಸಿರಿದ್ದರೆ ಬಳಕೆ ಕಡಿಮೆ. ಮರಗಳ ನೆರಳಿನಲ್ಲಿ ಏನೂ ಕಾಣದಿದ್ದರೆ ಚಿತ್ರವನ್ನು ನಂಬಬೇಡಿ.

ಸಮೋನ್ನತಿ ರೇಖೆಗಳನ್ನು, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ಎಣಿಸಿ. ರೇಖೆಗಳ ಎತ್ತರದ ಅಂತರ 10 ಮೀಟರ್ ಇದ್ದು, ರಸ್ತೆ 500 ಮೀಟರಿನಲ್ಲಿ ಐದು ರೇಖೆ ದಾಟಿದರೆ ಏರು ಶೇ 10. ಎಂಟು ದಾಟಿದರೆ ಶೇ 16. ಸಡಿಲ ಜಲ್ಲಿಯಲ್ಲಿ ಅದನ್ನು ಬಹುತೇಕರು ತಳ್ಳಿಕೊಂಡೇ ಹತ್ತುತ್ತಾರೆ.

ಪೊದೆಯಲ್ಲಿ ಸಿಕ್ಕಿಬೀಳುವುದಕ್ಕೆ ಬಹಳ ಸಲ ಕಾರಣ ಇದು: ದಿಮ್ಮಿ ರಸ್ತೆಗಳಲ್ಲಿ ಎಷ್ಟೋ ಲಾರಿಗೆ ಮರ ತುಂಬುವ ಜಾಗದಲ್ಲೇ ಮುಗಿಯುತ್ತವೆ. ನಕ್ಷೆಯಲ್ಲಿ ಎರಡು ರಸ್ತೆಗಳ ತುದಿಗಳು ಒಂದಕ್ಕೊಂದು 200 ಮೀಟರ್ ದೂರದಲ್ಲಿ ಕಂಡರೆ ‘ಹೇಗೋ ಸೇರಿಕೊಳ್ಳಬಹುದು’ ಅನ್ನಿಸುತ್ತದೆ. ಸೇರುವಂತಿದ್ದರೆ ರಸ್ತೆ ಮಾಡಿದವರೇ ಸೇರಿಸುತ್ತಿದ್ದರು. ನಡುವೆ ಕಡಿದಾದ ದಂಡೆಯೋ ಜೌಗೋ ಇದೆ ಎಂದೇ ತಿಳಿಯಿರಿ. ಆ್ಯಪ್‌ ಕಾಲ್ನಡಿಗೆ ದಾರಿಗಳನ್ನು ಸೇರಿಸಿ ಕೊಂಡಿ ಹಾಕಿದೆಯೇ ಎಂದೂ ಪರೀಕ್ಷಿಸಿ. ಇದು ಸೌಕರ್ಯದ ಜೊತೆಗೆ ಕಾನೂನಿನ ವಿಷಯ ಕೂಡ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಕಾಡುಗಳಲ್ಲಿ 2 ಮೀಟರಿಗಿಂತ ಕಿರಿದಾದ ದಾರಿಯಲ್ಲಿ, ವಿಶೇಷ ಅನುಮತಿ ಇರುವಲ್ಲಿ ಬಿಟ್ಟರೆ, ಸೈಕಲ್ ಓಡಿಸುವಂತಿಲ್ಲ. ಹೋಗುವ ಪ್ರದೇಶದ ನಿಯಮ ಮೊದಲೇ ಓದಿಕೊಳ್ಳಿ. ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗದಿರುವುದೇ ಹೆಚ್ಚು. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡೇ ಹೊರಡಿ.

ಪ್ರಶ್ನೆ: 40 ಮಿ.ಮೀ. ಟ್ಯೂಬ್‌ಲೆಸ್ ಟೈರ್, ನನ್ನ ತೂಕ 75 ಕೆ.ಜಿ. ಗಾಳಿ ಎಷ್ಟಿರಬೇಕು?

ಉತ್ತರ: ಮುಂದೆ 28, ಹಿಂದೆ 31 ಪಿಎಸ್‌ಐನಿಂದ ಶುರುಮಾಡಿ. ಹಿಂಚಕ್ರದ ಮೇಲೆ ಭಾರ ಹೆಚ್ಚು, ಅದಕ್ಕೇ ಈ ವ್ಯತ್ಯಾಸ. ಇಳಿಯುವಾಗ ರಿಮ್ ಕಲ್ಲಿಗೆ ‘ಟಣ್’ ಎಂದು ಬಡಿದರೆ 2 ಪಿಎಸ್‌ಐ ಏರಿಸಿ. ಹ್ಯಾಂಡಲ್ ಸದಾ ನಡುಗುತ್ತ, ಮುಂಚಕ್ರ ಜಲ್ಲಿಯ ಮೇಲೆ ಪುಟಿಯುತ್ತಿದ್ದರೆ 2 ಇಳಿಸಿ. ಟೈರ್ 45 ಮಿ.ಮೀ. ಆದರೆ ಮೂರು ನಾಲ್ಕು ಪಿಎಸ್‌ಐ ಕಡಿಮೆ ಸಾಕು. ಒಳಗೆ ಟ್ಯೂಬ್ ಇದ್ದರೆ ಐದರಷ್ಟು ಹೆಚ್ಚು ಬೇಕು. ಇಲ್ಲದಿದ್ದರೆ ಟ್ಯೂಬ್ ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಅಗಲದ ಟೈರ್ ಹಾಕುವ ಮೊದಲು ಟೈರ್‌ಗೂ ಫ್ರೇಮ್‌ಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಜಾಗ ನೋಡಿಕೊಳ್ಳಿ. ಜಾಗ ಕಡಿಮೆಯಾದರೆ ಜೇಡಿಮಣ್ಣು ತುಂಬಿ ಚಕ್ರವೇ ನಿಲ್ಲುತ್ತದೆ, ಮಣ್ಣಿನೊಳಗಿನ ಕಲ್ಲು ಫ್ರೇಮನ್ನು ಉಜ್ಜಿ ಸವೆಸುತ್ತದೆ.

ಪ್ರಶ್ನೆ: ಮುಂದೆ 40 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 11-42 ಕ್ಯಾಸೆಟ್ (11ರಿಂದ 42 ಹಲ್ಲಿನವರೆಗಿನ ಹಲ್ಲುಚಕ್ರಗಳ ಗುಚ್ಛ). ಉದ್ದದ ಏರಿನಲ್ಲಿ ಮೊಣಕಾಲು ನೋಯುತ್ತದೆ, ಎದ್ದು ನಿಂತು ತುಳಿದರೆ ಹಿಂಚಕ್ರ ಜಾರುತ್ತದೆ.

ಉತ್ತರ: ನಿಮ್ಮ ಅತಿ ಹಗುರ ಗಿಯರ್ ಅನುಪಾತ (40 ÷ 42) 0.95. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಶೇ 10ರ ಜಲ್ಲಿ ಏರಿನಲ್ಲಿ ಅದಕ್ಕೆ 200 ವ್ಯಾಟ್‌ನಷ್ಟು ಬೇಕು. ಅಷ್ಟು ಶಕ್ತಿ ಇಲ್ಲದಾಗ ಕಾಲು ನಿಧಾನವಾಗುತ್ತದೆ, ಪ್ರತಿ ತುಳಿತದ ಭಾರ ಮೊಣಕಾಲಿಗೆ ಬೀಳುತ್ತದೆ. ಚೈನ್‌ರಿಂಗನ್ನು 36 ಹಲ್ಲಿಗೆ ಇಳಿಸಿದರೆ ಅನುಪಾತ 0.86. ಬೇರೇನೂ ಬದಲಿಸಬೇಕಿಲ್ಲ, ಚೈನ್ ಒಂದೆರಡು ಕೊಂಡಿ ಗಿಡ್ಡ ಮಾಡಬೇಕಾಗಬಹುದು. ಸಮತಟ್ಟಿನಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಗುಡ್ಡದಲ್ಲಿ ಅದರ ಕೊರತೆ ಕಾಣದು.

ಎದ್ದು ನಿಂತಾಗ ಭಾರ ಮುಂದಕ್ಕೆ ಸರಿದು ಹಿಂಚಕ್ರ ಹಗುರವಾಗುತ್ತದೆ, ಜಾರುವುದು ಅದಕ್ಕೇ. ಸೀಟಿನ ಮುಂತುದಿಗೆ ಸರಿದು, ಮೊಣಕೈ ಮಡಚಿ, ಎದೆ ತಗ್ಗಿಸಿ ಕೂತೇ ತುಳಿಯಿರಿ.

ಪ್ರಶ್ನೆ: ಇಳಿಜಾರಿನ ತಿರುವಿನಲ್ಲಿ ಮುಂಚಕ್ರ ಜಾರುತ್ತದೆ. ಬ್ರೇಕ್ ಪ್ಯಾಡ್‌ಗಳೂ ಬೇಗ ಸವೆಯುತ್ತಿವೆ.

ಉತ್ತರ: ಬ್ರೇಕ್ ಕೆಲಸವನ್ನು ತಿರುವಿಗೆ ಮೊದಲು, ಸೈಕಲ್ ನೇರ ಇರುವಾಗಲೇ ಮುಗಿಸಿ. ವಾಲಿದಾಗ ಮುಂದಿನ ಬ್ರೇಕ್ ಹಿಡಿದರೆ ಟೈರ್‌ಗೆ ತಿರುಗಲು ಹಿಡಿತ ಉಳಿಯುವುದಿಲ್ಲ. ಕೈ ಹ್ಯಾಂಡಲ್‌ನ ಕೆಳಭಾಗದಲ್ಲಿರಲಿ. ಪೆಡಲ್‌ಗಳು ನೇರ ಓಟದಲ್ಲಿ ಸಮಮಟ್ಟದಲ್ಲಿರಲಿ, ತಿರುವಿನಲ್ಲಿ ಹೊರಗಿನದು ಕೆಳಗೆ. ಗಾಡಿ ಚಕ್ರಗಳು ಒತ್ತಿದ ಜಾಡಿನಲ್ಲೇ ಹೋಗಿ. ನಡುವಿನ ದಿಣ್ಣೆ ಮತ್ತು ತಿರುವಿನ ಹೊರಅಂಚಿನಲ್ಲಿ ಸಡಿಲ ಜಲ್ಲಿ ರಾಶಿಬಿದ್ದಿರುತ್ತದೆ. ರಸ್ತೆಗೆ ಅಡ್ಡಲಾಗಿ ಮರ ಅಥವಾ ಕಬ್ಬಿಣದ ನೀರುಗಾಲುವೆಗಳಿರುವಲ್ಲಿ ಅವನ್ನು ನೇರಕೋನದಲ್ಲಿ ದಾಟಿ. ಓರೆಯಾಗಿ ಹಾದರೆ, ಅದರಲ್ಲೂ ಒದ್ದೆಯಿದ್ದರೆ, ಚಕ್ರ ಅಂಚಿನುದ್ದಕ್ಕೂ ಜಾರುತ್ತದೆ.

ಇಡೀ ಇಳಿಜಾರು ಬ್ರೇಕನ್ನು ಸವರುತ್ತ ಹೋಗಬೇಡಿ. ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ. ಆಗ ಡಿಸ್ಕ್ ತಣ್ಣಗಾಗಲು ಬಿಡುವು ಸಿಗುತ್ತದೆ. ಕೆಸರುಮಳೆಯಲ್ಲಿ ರೆಸಿನ್ (ರಾಳದಿಂದ ಅಂಟಿಸಿದ, ಮೆದು) ಪ್ಯಾಡ್ ಒಂದೇ ದಿನದಲ್ಲಿ ಮುಗಿದರೂ ಆಶ್ಚರ್ಯವಿಲ್ಲ. ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹೆಚ್ಚು ಬಾಳುತ್ತದೆ, ಸದ್ದು ಸ್ವಲ್ಪ ಜಾಸ್ತಿ. ನಿಮ್ಮ ಡಿಸ್ಕ್ ಮೇಲೆ ‘ರೆಸಿನ್ ಮಾತ್ರ’ ಎಂದು ಬರೆದಿದ್ದರೆ ಸಿಂಟರ್ಡ್ ಪ್ಯಾಡ್ ಹಾಕುವಂತಿಲ್ಲ.

ಪ್ರಶ್ನೆ: ಟ್ಯೂಬ್‌ಲೆಸ್ ಟೈರ್ ಕಾಡಿನ ನಡುವೆ ತೂತಾಗಿ ಸೀಲಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಚಿಮ್ಮುತ್ತಿದ್ದರೆ ಏನು ಮಾಡಬೇಕು?

ಉತ್ತರ: ತೂತನ್ನು ಕೆಳಕ್ಕೆ ತಿರುಗಿಸಿ ಅರ್ಧ ನಿಮಿಷ ಕಾಯಿರಿ. ಸೀಲಂಟ್ ಅಲ್ಲಿ ಸೇರಿ ಚಿಕ್ಕ ತೂತನ್ನು ಮುಚ್ಚುತ್ತದೆ. ನಿಲ್ಲದಿದ್ದರೆ ಪ್ಲಗ್ ಪಟ್ಟಿಯನ್ನು (ತೂತಿಗೆ ತುರುಕುವ ಅಂಟು ರಬ್ಬರ್ ಪಟ್ಟಿ) ಸೂಜಿಯಲ್ಲಿ ಪೋಣಿಸಿ ಒಳಗೆ ತಳ್ಳಿ, ಎರಡೂ ತುದಿ ಹೊರಗೆ ಒಂದು ಸೆಂ.ಮೀ. ಉಳಿಯುವಂತೆ ಸೂಜಿಯನ್ನು ಸರಕ್ಕನೆ ಎಳೆಯಿರಿ. ಟೈರ್‌ನಲ್ಲಿ ಸ್ವಲ್ಪವಾದರೂ ಗಾಳಿ ಇರುವಾಗಲೇ ಇದು ಸುಲಭ. ಪೂರ್ತಿ ಮೆತ್ತಗಾದ ಮೇಲೆ ಸೂಜಿ ಒತ್ತಿದರೆ ಟೈರ್ ಬಗ್ಗುತ್ತದೆ, ಸೂಜಿ ಇಳಿಯುವುದಿಲ್ಲ. ಪಕ್ಕದ ಗೋಡೆ ಉದ್ದಕ್ಕೆ ಸೀಳಿದ್ದರೆ ಪ್ಲಗ್ ನಿಲ್ಲದು. ಒಳಗಿನಿಂದ ಹಳೆಯ ಟೈರಿನ ತುಂಡು ಕೊಟ್ಟು ಟ್ಯೂಬ್ ಹಾಕಬೇಕು. ಟ್ಯೂಬ್ ಹಾಕುವ ಮೊದಲು ಟೈರಿನೊಳಗೆ ಬೆರಳಾಡಿಸಿ. ಸೀಲಂಟ್ ಸದ್ದಿಲ್ಲದೆ ಮುಚ್ಚಿದ್ದ ಹಳೆಯ ಮುಳ್ಳುಗಳು ಅಲ್ಲೇ ಇರುತ್ತವೆ, ಟ್ಯೂಬ್‌ಗೆ ಚುಚ್ಚುತ್ತವೆ. 40 ಮಿ.ಮೀ. ಟೈರ್‌ಗೆ 60ರಿಂದ 90 ಮಿ.ಲೀ. ಸೀಲಂಟ್ ಬೇಕು. ಬಿಸಿಲಿನ ದಿನಗಳಲ್ಲಿ ಎರಡು ತಿಂಗಳಲ್ಲೇ ಒಣಗಬಹುದು. ಚಕ್ರ ಕಳಚಿ ಅಲುಗಿಸಿದಾಗ ಕುಲುಕುವ ಸದ್ದು ಬಾರದಿದ್ದರೆ ತುಂಬಿಸಿ.

ಪ್ರಶ್ನೆ: ಮರ ಕಡಿಯುತ್ತಾರೆಂದು ಬೋರ್ಡ್ ಹಾಕಿದ್ದಾರೆ, ಆದರೆ ಯಂತ್ರದ ಸದ್ದಿಲ್ಲ. ಹೋಗಬಹುದೇ?

ಉತ್ತರ: ಬೇಡ. ಬೀಳುವ ಮರದ ಅಪಾಯದ ವಲಯ ಅದರ ಉದ್ದದ ಎರಡರಷ್ಟು. ಅರ್ಧ ಕಡಿದು ಇನ್ನೊಂದು ಮರಕ್ಕೆ ಒರಗಿ ನಿಂತಿದ್ದು ಸದ್ದಿಲ್ಲದೆಯೂ ಉರುಳುತ್ತದೆ. ಪೇರಿಸಿಟ್ಟ ದಿಮ್ಮಿಗಳ ಮೇಲೆ ಹತ್ತುವುದೂ, ಅವಕ್ಕೆ ಸೈಕಲ್ ಒರಗಿಸುವುದೂ ಬೇಡ. ಮಾರ್ಗ ಹಾಕುವಾಗಲೇ ಪ್ರತಿ 10 ಕಿ.ಮೀ.ಗೊಮ್ಮೆ ಕಣಿವೆಯ ಡಾಂಬರು ರಸ್ತೆಗೆ ಇಳಿಯುವ ಒಂದು ಕವಲನ್ನು ಗುರುತಿಸಿಟ್ಟುಕೊಂಡಿದ್ದರೆ, ಇಂಥ ಕಡೆ ಹಿಂದಕ್ಕೆ ಹೋಗಿ ಆ ಕವಲು ಹಿಡಿದರಾಯಿತು.